ನೀಲಿ ಕಿವಿಯ ಕತ್ತೆಯ ಪುರಾಣ

ಮಗಳು ಪ್ರಿಯದರ್ಶಿನಿ ಚಂದ್ರಾಮಪ್ಪನ ಜತೆ ಮಾತು ಬಿಟ್ಟು ನಾಲ್ಕು ತಿಂಗಳಾಗಿತ್ತು. ಅವ್ವನ ಜತೆ ಮಾತಿತ್ತು, ತಮ್ಮ ಭೀಮುವಿನ ಜತೆ ಜಗಳವಿತ್ತು, ಪಕ್ಕದ ರೂಮಿನ ಅಯ್ಯಮ್ಮಜ್ಜಿ ಸಿಕ್ಕರೆ ಗಂಟೆಗಟ್ಟಲೆ ಹರಟೆ. ಅಪ್ಪನೊಬ್ಬನ ಜತೆ ಮಾತ್ರ ಇಲ್ಲ. ಅಪ್ಪ ಎದುರಿಗೇ ಕೂತಿದ್ದರೂ, "ಅವ್ವಾ, ಜಾಮಿಟ್ರಿ ಬಾಕ್ಸ್ ಬೇಕು ಅಂತ ಅಪ್ಪಂಗೆ ಹೇಳು" ಅನ್ನುತ್ತಿದ್ದಳು. "ತರ್ತೀನಂತ ಹೇಳು" ಅನ್ನುತ್ತಿದ್ದ ಚಂದ್ರಾಮಪ್ಪ. ನಡುವೆ ರೊಟ್ಟಿ ಬಡಿಯುತ್ತಾ ಕೂತ ಲಕ್ಷ್ಮಿದೇವಿ, "ನಾ ಏನ್ ಪೋಸ್ಟಾಫೀಸ್ ಇಟ್ಟೀನೇನು" ಅಂತ ಇಬ್ಬರಿಗೂ ಬೈಯುತ್ತಿದ್ದಳು.

ತಪ್ಪು ಚಂದ್ರಾಮಪ್ಪನದೇ. ಏಪ್ರಿಲ್‌ನಲ್ಲಿ, ಪರೀಕ್ಷೆ ಮುಗಿದ ದಿನ, ಮಗಳನ್ನು ಕರೆದುಕೊಂಡು ಹೋಗಲು ಕೆಲಸ ಬಿಟ್ಟು ಸ್ಕೂಲಿನ ಗೇಟಿಗೆ ಹೋಗಿದ್ದ. ಎಲ್ಲ ಮಕ್ಕಳು ಬಂದರು, ಅವಳೊಬ್ಬಳು ಬರಲಿಲ್ಲ. ಒಂದು ಗಂಟೆ ಬಿಸಿಲಲ್ಲಿ ನಿಂತ. ತಲೆ ಕಾದು ಹೆಂಚಾಯಿತು. ಕೊನೆಗೆ ಅವಳು ನಗುತ್ತಾ ಓಡಿ ಬಂದಳು. ಯಾಕೆ ತಡ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಅವಳಿಗಾಗಿ ಗೇಟಿನಲ್ಲಿ ಕಾದಿದ್ದ ಗೆಳತಿಯರ ಮುಂದೆಯೇ ಬಾಯಿಗೆ ಬಂದಂತೆ ಬೈದು, ಹೆಗಲ ಮೇಲಿದ್ದ ಬ್ಯಾಗು ಕಿತ್ತು ಮೋರಿಗೆ ಎಸೆದ. ಆ ಬ್ಯಾಗಿನಲ್ಲಿ ಒಂದು ಸರ್ಟಿಫಿಕೇಟ್ ಇತ್ತು. ಚೆನ್ನಾಗಿ ಗಟ್ಟಿಯಾಗಿ ಓದುತ್ತಾಳೆ ಅಂತ ಇಡೀ ಸ್ಕೂಲಿಗೆ ಒಬ್ಬಳಿಗೇ ಕೊಟ್ಟಿದ್ದು. ಅದನ್ನು ಕೊಡಲೆಂದೇ ಟೀಚರ್ ನಿಲ್ಲಿಸಿಕೊಂಡಿದ್ದರು. ಮೋರಿಯಿಂದ ತೆಗೆದಾಗ ಅದರಲ್ಲಿ ಅವಳ ಹೆಸರು ಇರಲಿಲ್ಲ, ಬರೀ ನೀಲಿ ಮಸಿಯ ಕೊಚ್ಚೆ ಇತ್ತು. ಅವಳು ಅಳಲೂ ಇಲ್ಲ. ಮನೆಗೆ ಬಂದು ಅವ್ವನಿಗೆ ಹೇಳಿದ್ದು ಒಂದೇ ಮಾತು: "ಅಪ್ಪ ಇನ್ಮೇಲೆ ಸ್ಕೂಲ್ ಹತ್ರ ಬರ್ಬಾರ್ದು."

ಚಂದ್ರಾಮಪ್ಪ ಕಂಬಿ ಕಟ್ಟುವ ಮೇಸ್ತ್ರಿ. ಹನ್ನೆರಡು ವರ್ಷದ ಹಿಂದೆ ಯಾದಗಿರಿ ಕಡೆಯಿಂದ ಬಂದವನು. ಕುಕ್ ಟೌನು, ಬೆನ್ಸನ್ ಟೌನುಗಳಲ್ಲಿ ಹಳೇ ಬಂಗಲೆ ಕೆಡವಿ ಕಟ್ಟಿದ ಎಷ್ಟೋ ಮನೆಗಳ ಪಿಲ್ಲರಿನೊಳಗೆ ಅವನು ಕಟ್ಟಿದ ಕಂಬಿ ಇತ್ತು. ಎರಡು ಸಾವಿರದ ಮೂರರ ಹೊತ್ತಿಗೆ ಹೊರಮಾವಿನಲ್ಲಿ ಹೊಲವಿದ್ದಲ್ಲೆಲ್ಲ ಅಪಾರ್ಟ್‌ಮೆಂಟ್ ಏಳತೊಡಗಿದ್ದವು. ಕೆಲಸದ ಬೆನ್ನು ಹಿಡಿದು ಅವನೂ ಅಲ್ಲಿಗೇ ಬಂದು, ಶೀಟಿನ ಆರು ರೂಮುಗಳ ಸಾಲಿನಲ್ಲಿ ಒಂದನ್ನು ಬಾಡಿಗೆಗೆ ಹಿಡಿದಿದ್ದ. ಓದಿದ್ದು ನಾಲ್ಕನೇ ಕ್ಲಾಸು. ಇಪ್ಪತ್ತು ಆಳುಗಳನ್ನು ಬೈದು ದುಡಿಸುವ ಬಾಯಿ ಅವನದು. ಮಗಳ ಹತ್ತಿರ 'ತಪ್ಪಾಯಿತು' ಅಂತ ನಾಲ್ಕಕ್ಷರದ ಮಾತು ಆಡಲು ಆ ಬಾಯಿ ಏಳುತ್ತಿರಲಿಲ್ಲ.

ಶ್ರಾವಣದ ಮೊದಲ ಸೋಮವಾರ ಸಂಜೆ ಕೆಲಸದಿಂದ ಬಂದವನು ಬಾಗಿಲ ಹೊರಗೇ ನಿಂತುಬಿಟ್ಟ. ಒಳಗೆ ಪ್ರಿಯದರ್ಶಿನಿ ಭೀಮುವಿಗೆ ಏನೋ ಓದಿ ಹೇಳುತ್ತಿದ್ದಳು. ಫ್ರೇಜರ್ ಟೌನಿನಿಂದ ಬರುವ ಫಹ್ಮಿದಾ ಟೀಚರ್, ತಮ್ಮ ಮನೆಯಲ್ಲಿದ್ದ ಒಂದು ಮಕ್ಕಳ ಕಾದಂಬರಿ ಕೊಟ್ಟು, "ಮನಸ್ಸಲ್ಲಿ ಓದ್ಬೇಡ, ಜೋರಾಗಿ ಓದು, ಮನೆಯೋರಿಗೆಲ್ಲ ಕೇಳ್ಸು" ಅಂದಿದ್ದರಂತೆ. ಕಥೆ ಒಬ್ಬ ಅಗಸರ ಹುಡುಗ ಮಾದೇಶನದು, ಅವನ ಕತ್ತೆಮರಿಯದು.

"ತಂದೆಯು ಬಟ್ಟೆಗೆ ನೀಲಿ ಕಲಸಿಟ್ಟಿದ್ದ ಬಾಲ್ದಿಗೆ ಕತ್ತೆಮರಿಯು ಮೂತಿ ತೂರಿಸಿತು. ಅಂದಿನಿಂದ ಅದರ ಎಡಗಿವಿಯು ನೀಲಿಯಾಗಿಯೇ ಉಳಿಯಿತು" ಅಂತ ಓದಿದಳು.

"ಮೂತಿ ಹಾಕಿದ್ರೆ ಕಿವಿ ಹೆಂಗಕ್ಕ ನೀಲಿ ಆಗುತ್ತೆ?" ಅಂದ ಭೀಮು. ಎಂಟು ವರ್ಷದವನಿಗೆ ಎಲ್ಲದಕ್ಕೂ ಲೆಕ್ಕ ಬೇಕು.

ಅಕ್ಕನಿಗೆ ಗೊತ್ತಿರಲಿಲ್ಲ. ಹೊಸ್ತಿಲ ಮೇಲೆ ಕೂತು ಬೂಟು ಬಿಚ್ಚುತ್ತಿದ್ದ ಚಂದ್ರಾಮಪ್ಪ ತಡೆಯಲಾರದೆ ಬಾಯಿ ಹಾಕಿದ. "ಕತ್ತೆ ತಲಿ ಬಗ್ಗಿಸಿದ್ರ ಕಿವಿನೂ ಬಾಲ್ದ್ಯಾಗ ಬೀಳ್ತದ, ಉದ್ದಲ್ಲ ಅದರ ಕಿವಿ. ಮೂತಿಗಿ ಹತ್ತಿದ್ದು ಅದು ನೆಕ್ಕಿ ನೆಕ್ಕಿ ತೊಳಕೊಂಡದ. ತನ್ನ ಕಿವಿ ತಾ ಹ್ಯಾಂಗ ನೆಕ್ಕಬೇಕು?"

ಭೀಮು ನಕ್ಕ. ಪ್ರಿಯದರ್ಶಿನಿ ನಗಲಿಲ್ಲ. ಪುಸ್ತಕದ ಮೇಲಿನ ಕಣ್ಣು ಎತ್ತದೆ, "ಮುಂದೆ ಓದ್ಲಾ?" ಅಂದಳು.

ಭೀಮುವನ್ನು ಕೇಳಿದಳೋ ತನ್ನನ್ನು ಕೇಳಿದಳೋ ಚಂದ್ರಾಮಪ್ಪನಿಗೆ ಗೊತ್ತಾಗಲಿಲ್ಲ. ಆದರೂ ಸಿಕ್ಕಿದ್ದನ್ನು ಬಿಡುವವನಲ್ಲ. "ಮುಂದ" ಅಂದ. ಅವಳು ಓದಿದಳು. ಒಂದು ಪ್ಯಾರಾ ಮುಗಿಸಿ ನಿಂತಳು. ಅವನು ಅರ್ಥ ಬಿಡಿಸಿದ, ಮತ್ತೆ "ಮುಂದ" ಅಂದ. ಅವನ ಊರಿನ ಮಠದಲ್ಲಿ ಶ್ರಾವಣ ಬಂದರೆ ಪುರಾಣ ಹಚ್ಚುವುದು ಹೀಗೆಯೇ. ಎದುರುಬದುರು ಎರಡು ಮಣೆ, ಒಂದರ ಮೇಲೆ ಓದುವವರು, ಇನ್ನೊಂದರ ಮೇಲೆ ಅರ್ಥ ಹೇಳುವವರು. ಅರ್ಥ ಹೇಳುವವರು 'ಮುಂದ' ಅನ್ನುವವರೆಗೆ ಓದುವವರು ಮುಂದೆ ಹೋಗುವಂತಿಲ್ಲ. ಊರಿನ ಯಾವ ಜಗಳಗಂಟಿಗಳು ಆ ಎರಡು ಮಣೆಗಳ ಮೇಲೆ ಕೂತರೂ ಒಬ್ಬರ ಮುಖ ಒಬ್ಬರು ನೋಡಲೇಬೇಕು.

ಆ ರಾತ್ರಿ ಊಟಕ್ಕೆ ಕೂತಾಗ ಅವನ ತಲೆಯೊಳಗೆ ದೀಪಾವಳಿ. ಸಿಕ್ಕಿತು ದಾರಿ.

ಮರುದಿನ ಆರು ಗಂಟೆಗೆ ಮನೆ ಮುಂದೆ ಚಾಪೆ ಹಾಸಿ ಎರಡು ಮಣೆ ಇಟ್ಟ. ದೀಪ ಹಚ್ಚಿದ, ಊದುಬತ್ತಿ ಹಚ್ಚಿದ, ಕಾಯಿಯನ್ನೂ ಒಡೆದ. ಮನೆಯವರಿಗೆಲ್ಲ ಕೇಳಿಸು ಅಂತ ಟೀಚರೇ ಹೇಳಿದ್ದರಿಂದ ಮಗಳೂ ಬಂದು ಒಂದು ಮಣೆಯ ಮೇಲೆ ಕೂತಳು. ಪುರಾಣ ಹಚ್ಚಿದ್ದಾರೆ ಅಂತ ಅಯ್ಯಮ್ಮಜ್ಜಿ ಕೈಕಾಲು ತೊಳೆದು, ತಲೆ ಮೇಲೆ ಸೆರಗು ಹೊದ್ದು ಬಂದಳು. ಪುಸ್ತಕಕ್ಕೆ ಕುಂಕುಮ ಹಚ್ಚಲು ಹೋದರೆ ರಟ್ಟಿನ ಮೇಲೆ ಕತ್ತೆ ನಿಂತಿತ್ತು.

"ಇದ್ಯಾವ ಪುರಾಣೋ ಚಂದ್ರಾಮಾ?"

"ಕತ್ತೆದು, ಅತ್ತೀ."

ಅಜ್ಜಿ ಒಂದು ಗಳಿಗೆ ಯೋಚಿಸಿದಳು. "ಇರ್ಲಿ ಬಿಡು, ಅದಕ್ಕೂ ಜೀವ ಕೊಟ್ಟಾಂವ ಅವನ" ಅಂದು ಕತ್ತೆಯ ಹಣೆಗೇ ಕುಂಕುಮ ಇಟ್ಟಳು.

"ಟೀಚರ್ ಪುಸ್ತಕ ಅಜ್ಜಿ ಅದು" ಅಂತ ಪ್ರಿಯದರ್ಶಿನಿ ಕಿರುಚುವಷ್ಟರಲ್ಲಿ ಆಗಿಹೋಗಿತ್ತು.

ಅಲ್ಲಿಂದ ಶುರುವಾಯಿತು ನೋಡಿ. ನಾಲ್ಕು ದಿನದಲ್ಲಿ ಆರೂ ರೂಮುಗಳವರು ಚಾಪೆ ಮೇಲಿದ್ದರು. ಶಿವಾಜಿನಗರದ ಬೇಕರಿಯಿಂದ ಮೊಪೆಡ್ ಮೇಲೆ ಬನ್ನು ತಂದು ಅಂಗಡಿಗಳಿಗೆ ಹಾಕುವ ನಜೀರ್, ಮೊದಲ ದಿನ ಗಾಡಿ ಮೇಲೆ ಒಂದು ಕಾಲಿಟ್ಟುಕೊಂಡೇ ಕೇಳಿದ. ಎರಡನೇ ದಿನ ಸ್ಟ್ಯಾಂಡ್ ಹಾಕಿದ. ಮೂರನೇ ದಿನ ಚಾಪೆಯ ತುದಿಗೆ ಕೂತು, "ನಿನ್ನೆ ಎಲ್ಲಿಗೆ ನಿಲ್ಸಿದ್ದು ಮೇಸ್ತ್ರಿ, ಕತ್ತೆಗೆ ಲಾಳ ಹೊಡೆಸಿದ್ರಾ?" ಅಂತ ಕೇಳುತ್ತಿದ್ದ.

ಮಗಳ ದನಿಯೇ ದನಿ. ಬಾವಿಯ ಗಡಗಡೆಯಿಂದ ನೀರು ಮೇಲೆ ಬಂದ ಹಾಗೆ ಮಾತು ತುಂಬಿ ತುಂಬಿ ಬರುತ್ತಿತ್ತು. ಮಾದೇಶ ಮಾತಾಡಿದರೆ ಹುಡುಗನ ದನಿ, ಸಾಹುಕಾರ ಮಾತಾಡಿದರೆ ಗಂಟಲು ದಪ್ಪ. ಅವಳು ನಿಂತ ಕೂಡಲೇ ಚಂದ್ರಾಮಪ್ಪ ಹಿಡಿದುಕೊಳ್ಳುತ್ತಿದ್ದ. ಪುಸ್ತಕದಲ್ಲಿ ಇಟ್ಟಿಗೆ ಭಟ್ಟಿ ಅಂತ ಒಂದು ಪದ ಬಂದರೆ ಸಾಕು, ಭಟ್ಟಿಯ ಬಾಯಿ ಎಷ್ಟಗಲ, ಬೂದಿ ಕಣ್ಣಿಗೆ ಬಿದ್ದರೆ ಹೇಗಾಗುತ್ತದೆ, ಕತ್ತೆಯ ಬೆನ್ನಿಗೆ ಎಷ್ಟು ಇಟ್ಟಿಗೆ ಹೇರುತ್ತಾರೆ, ಎಲ್ಲ ಕೈಯಾಡಿಸಿ ತೋರಿಸುತ್ತಿದ್ದ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದವು.

"ಇದು ಪುಸ್ತಕದಲ್ಲಿ ಇಲ್ಲ" ಅನ್ನುತ್ತಿದ್ದಳು ಪ್ರಿಯದರ್ಶಿನಿ.

"ಬರದಾಂವಗ ಗೊತ್ತಿಲ್ಲ, ಅದಕ್ಕ ಬರದಿಲ್ಲ. ಮುಂದ."

ಏಳನೇ ಅಧ್ಯಾಯದ ದಿನ ದೊಡ್ಡ ಫಜೀತಿಯಾಯಿತು. ಸಾಲಕ್ಕೆ ಸಿಕ್ಕ ಮಾದೇಶನ ಅಪ್ಪ ಮಗನಿಗೆ ಹೇಳದೆ ನೀಲಿಯನ್ನು ದೂರದ ಇಟ್ಟಿಗೆ ಭಟ್ಟಿಗೆ ಮಾರಿಬಿಟ್ಟ. ನೀಲಿ ಅಂದರೆ ಆ ಕತ್ತೆ; ಕಿವಿಯಿಂದ ಬಂದ ಹೆಸರು. ಅಧ್ಯಾಯ ಮುಗಿಯಿತು, ಪ್ರಿಯದರ್ಶಿನಿ ಪುಸ್ತಕ ಮುಚ್ಚಿದಳು.

"ತೆಗಿ ತೆಗಿ" ಅಂದಳು ಅಯ್ಯಮ್ಮಜ್ಜಿ. "ದುಃಖದ ಜಾಗಕ್ಕ ಪುರಾಣ ನಿಲ್ಲಸ್ತಾರೇನು? ಕೇಳಿದೋರು ಅದನ್ನ ಹೊತ್ಗೊಂಡು ಮನಿಗಿ ಹೋಗಬೇಕಾಗ್ತದ. ಏನರ ಚೊಲೋದು ಬರೋ ತನಕ ಓದು."

ಮಠದ ಕಟ್ಟಳೆ ಅದು, ಸುಳ್ಳಲ್ಲ. ಅವಳು ಎಂಟನೇ ಅಧ್ಯಾಯ ತೆಗೆದಳು. ಅಲ್ಲಿ ಮಾದೇಶ ಮನೆ ಬಿಟ್ಟು ಒಬ್ಬನೇ ನಡೆಯತೊಡಗಿದ. ಕಾಲಿಗೆ ಮುಳ್ಳು, ಹೊಟ್ಟೆಗೆ ಏನೂ ಇಲ್ಲ, ಯಾರೋ ಕಳ್ಳ ಅಂತ ಹೊಡೆದರು. ಓದಿದಷ್ಟೂ ದುಃಖವೇ. ನಜೀರ್‌ನ ಬನ್ನು ಕಾಯುತ್ತಿದ್ದ ಅಂಗಡಿಯವನು ಹುಡುಕಿಕೊಂಡು ಬಂದು ಅವನೂ ಕೂತ. ಏಳು ಗಂಟೆಗೆ ನಲ್ಲಿಯಲ್ಲಿ ನೀರು ಬಂತು, ಎರಡು ದಿನಕ್ಕೊಮ್ಮೆ ಬರುವ ನೀರು. ಕೊಡ ಹಿಡಿದು ನಿಂತ ಲಕ್ಷ್ಮಿದೇವಿ ಅತ್ತ ನೋಡಿದಳು, ಇತ್ತ ನೋಡಿದಳು.

"ಆ ಹುಡುಗ ಎಲ್ಲೆರ ಒಂದ್ಕಡಿ ನಗ್ತಾನೇನು ಹಾಳಿ ತಿರುವಿ ನೋಡವ್ವ. ನೀರ್ ಹೋಗ್ತಾವ."

"ಹಂಗೆಲ್ಲ ಹಾರಿಸಂಗಿಲ್ಲ ಅವ್ವಾ."

ಕೊನೆಗೆ ಕಥೆಯಲ್ಲಿ ಚಹಾದಂಗಡಿಯ ಮುದುಕಿಯೊಬ್ಬಳು ಮಾದೇಶನಿಗೆ ಎರಡು ಇಡ್ಲಿ ಕೊಟ್ಟಳು. ಚಂದ್ರಾಮಪ್ಪ ತೊಡೆ ತಟ್ಟಿ, "ಹೊಟ್ಟಿಗಿ ಬಿತ್ತು. ಇಷ್ಟ ಸಾಕು, ಏಳ್ರಿ" ಅಂದ. ಆರು ರೂಮುಗಳ ಹೆಂಗಸರು ಒಟ್ಟಿಗೆ ನಲ್ಲಿಗೆ ಓಡಿದರು.

ಸೈಟಿನಲ್ಲೂ ಇದೇ ಮಾತು. ಕಂಬಿ ಬಗ್ಗಿಸುವ ಹುಡುಗರು, "ಕತ್ತೆ ಸಿಕ್ತಾ ಗುರು?" ಅಂತ ಕೇಳಿ ನಗುತ್ತಿದ್ದರು. ಮುಂಚಿನ ಚಂದ್ರಾಮಪ್ಪನಾಗಿದ್ದರೆ ಕಂಬಿಯನ್ನೇ ಎತ್ತುತ್ತಿದ್ದ. ಈಗ, "ಇಲ್ಲ ಮಗಾ, ಇವತ್ತ ಭಟ್ಟಿ ಹತ್ರ ಹೋಗ್ತಾನ" ಅಂತ ನಿಂತು ಹೇಳುತ್ತಿದ್ದ. ಹೇಳಿ ಮುಗಿಸುವ ಹೊತ್ತಿಗೆ ಅವರೂ ನಗು ಬಿಟ್ಟಿರುತ್ತಿದ್ದರು.

ಆದರೆ ಒಳಗೊಂದು ಭಯ ಕೊರೆಯುತ್ತಿತ್ತು. ಮಣೆಯ ಮೇಲೆ ಅಷ್ಟು ಮಾತಾಡುವವಳು, ಮಣೆ ಎತ್ತಿದ ಕೂಡಲೇ ಬಾಯಿ ಮುಚ್ಚುತ್ತಿದ್ದಳು. ಒಂದು ದಿನ ಊಟಕ್ಕೆ ಕೂತಾಗ ಧೈರ್ಯ ಮಾಡಿ, "ಪ್ರಿಯಾ, ಆ ಮಾದೇಶಗ ಕತ್ತೆ ಸಿಗ್ತದಂತಿಯೇನು?" ಅಂತ ಕೇಳಿದ. ಅವಳು ಅವ್ವನ ಕಡೆ ತಿರುಗಿ, "ನಂಗೆ ಇನ್ನೊಂದು ರೊಟ್ಟಿ" ಅಂದಳು. ಹದಿನಾಲ್ಕು ಅಧ್ಯಾಯದ ಪುಸ್ತಕ. ಹತ್ತು ಮುಗಿದಿದ್ದವು. ಇನ್ನು ನಾಲ್ಕು, ಆಮೇಲೆ? ಆಮೇಲೆ ಮತ್ತೆ ಲಕ್ಷ್ಮಿದೇವಿಯ ಪೋಸ್ಟಾಫೀಸೇ.

ಅವನು ಎಳೆಯತೊಡಗಿದ. ದಿನಕ್ಕೆ ಒಂದು ಅಧ್ಯಾಯ ಓದುತ್ತಿದ್ದದ್ದು ಅರ್ಧಕ್ಕಿಳಿಯಿತು, ಅರ್ಧದ್ದು ಎರಡು ಹಾಳೆಗೆ ಬಂತು. ಮಾದೇಶ ಭಟ್ಟಿಯ ಬೇಲಿ ಹಾರುವ ಒಂದು ಸಾಲಿಗೆ ಇಡೀ ಸಂಜೆ ಅರ್ಥ ಹೇಳಿದ. ಬೇಲಿಗಳಲ್ಲಿ ಎಷ್ಟು ಜಾತಿ, ಯಾವುದನ್ನು ಎಡಗಾಲಿಟ್ಟು ಹಾರಬೇಕು, ಚಡ್ಡಿ ಸಿಕ್ಕರೆ ಬಿಡಿಸುವುದು ಹೇಗೆ.

"ಮೇಸ್ತ್ರಿ, ಆ ಹುಡ್ಗ ಬೇಲಿ ಮೇಲೇ ಮುದ್ಕ ಆಗೋಗ್ತಾನೆ, ಕೆಳಗೆ ಇಳಿಸ್ರಿ" ಅಂದ ನಜೀರ್.

ಲಕ್ಷ್ಮಿದೇವಿಗೆ ಮಾತ್ರ ಗಂಡನ ಆಟ ತಿಳಿದಿತ್ತು. ಬೆಳಿಗ್ಗೆ ಬುತ್ತಿ ಕಟ್ಟಿ ಕೈಗೆ ಕೊಡುತ್ತಾ, "ಮಗಳ ಕೂಡ ಮಾತಾಡ್ಲಿಕ್ಕ ನಡಕ ಒಂದು ಕತ್ತೆ ಬೇಕಾತು ನಿಮಗ" ಅಂದಳು. "ಅಕಿಗಿ ಒಂದ್ ಮಾತು ಅಂದ್ಬಿಡ್ರಿ, ತಪ್ಪಾತಂತ. ಏನ್ ಗಂಟ್ ಹೋಗ್ತದ?"

"ಅಂತೀನಿ, ಅಂತೀನಿ" ಅಂದು ಅವನು ಸೈಟಿಗೆ ನಡೆದ. ಅನ್ನಲಿಲ್ಲ.

ಎಷ್ಟು ಎಳೆದರೂ ಪುಸ್ತಕ ಮುಗಿಯಲೇಬೇಕಲ್ಲ. ಮಾದೇಶನಿಗೆ ನೀಲಿ ಸಿಕ್ಕ ದಿನ ಚಾಪೆಯ ಮೇಲೆ ಹಬ್ಬವೇ ಆಯಿತು. ನಜೀರ್ ಒಂದು ಟ್ರೇ ಬನ್ನು ಹಂಚಿಬಿಟ್ಟ. ಉಳಿದದ್ದು ಕೊನೆಯ ಅಧ್ಯಾಯ ಒಂದೇ. ಕತ್ತೆಯೂ ಹುಡುಗನೂ ಹೊಳೆ ದಾಟಿ ಊರು ಸೇರುವುದು ಬಾಕಿ. ಭಾನುವಾರ ಮುಗಿಸೋಣ, ಮಂಗಲಕ್ಕೆ ಹುಗ್ಗಿ ಮಾಡೋಣ ಅಂತ ಅಯ್ಯಮ್ಮಜ್ಜಿ ಗೋಧಿ, ಬೆಲ್ಲ ಕೂಡಿಸಿದಳು. ಶನಿವಾರ ಸ್ಕೂಲಿನಿಂದ ಬಂದ ಪ್ರಿಯದರ್ಶಿನಿಯ ಕಣ್ಣು ಕೆಂಪಗಿದ್ದವು. "ಅವ್ವಾ, ನಾಳೆ ಹುಗ್ಗಿ ಗಿಗ್ಗಿ ಬೇಡ" ಅಂದಳು. ಯಾಕೆ ಅಂದರೆ ಪುಸ್ತಕವನ್ನು ಬ್ಯಾಗಿನ ತಳಕ್ಕೆ ತುರುಕಿದಳು.

ಭಾನುವಾರ ಹೊತ್ತೇರುವ ಮುಂಚೆಯೇ ಚಾಪೆ ತುಂಬಿತು. ಸೈಟಿನ ಹುಡುಗರೂ ನಾಲ್ಕು ಜನ ಬಂದು ಗೋಡೆಗೊರಗಿ ನಿಂತರು. ಒಲೆಯ ಮೇಲೆ ಹುಗ್ಗಿ ಕುದಿಯುತ್ತಿತ್ತು. ಪ್ರಿಯದರ್ಶಿನಿ ಓದತೊಡಗಿದಳು. ಹೊಳೆ ತುಂಬಿ ಹರಿಯುತ್ತಿದೆ, ಮಾದೇಶನಿಗೆ ಈಜು ಬರದು, ನೀಲಿ ಅವನನ್ನು ಬೆನ್ನ ಮೇಲೆ ಹೊತ್ತು ನೀರಿಗಿಳಿದಿದೆ. ಸೆಳೆತ ಎಳೆಯುತ್ತದೆ, ನೀಲಿ ಕಾಲೂರುತ್ತದೆ. ಮತ್ತೆ ಎಳೆಯುತ್ತದೆ. ಭೀಮು ಅಪ್ಪನ ಪಂಚೆ ಹಿಡಿದುಕೊಂಡಿದ್ದ. ಚಂದ್ರಾಮಪ್ಪ ಅರ್ಥ ಹೇಳುವುದನ್ನೇ ಮರೆತು "ಮುಂದ, ಮುಂದ" ಅನ್ನುತ್ತಿದ್ದ.

"ದಡ ಮುಟ್ಟಿದ ಮೇಲೆ ನೀಲಿಯು ನಿಂತಲ್ಲೇ ಮಂಡಿಯೂರಿತು. ಮಾದೇಶನು ಅದರ ಕೊರಳನ್ನು ತಬ್ಬಿ ಕರೆದನು. ಅದು ಏಳಲಿಲ್ಲ." ಪ್ರಿಯದರ್ಶಿನಿ ನಿಂತಳು.

"ದಣದದ" ಅಂದ ಚಂದ್ರಾಮಪ್ಪ. "ಮಲಗ್ಯದ. ಮುಂದ."

"ದಣ್ದಿಲ್ಲ. ಸತ್ತೋಯ್ತು."

"ಎಲ್ಲಿ ಬರದದ ಸತ್ತದಂತ?"

"ಮುಂದಿನ ಸಾಲಲ್ಲಿ. ನಿನ್ನೆ ಸ್ಕೂಲಲ್ಲೇ ಓದಿ ಮುಗ್ಸಿದೀನಿ."

"ಹಂಗಾರ ಆ ಸಾಲು ಓದಬ್ಯಾಡ."

"ಓದ್ಲೇಬೇಕು. ಬರ್ದಿದಾರೆ."

"ಯಾವನಂವ ಬರದಾಂವ?" ಅಷ್ಟೇ, ನೆತ್ತಿಗೇರಿತು ಅವನಿಗೆ. "ಒಂದು ತಿಂಗಳಾತು ಆ ಕತ್ತೆ ಹಿಂದ ತಿರಗಲಕತ್ತೀವಿ. ಮನಿ ಮಂದಿ, ಓಣಿ ಮಂದಿ, ನೀರು ಬಿಟ್ಟು, ನಿದ್ದಿ ಬಿಟ್ಟು. ಊರ ದಂಡಿಗಿ ತಂದು ಕೊಲ್ತಾನಂದ್ರ ಅಂವ ಮನುಷ್ಯಾನ?" ಎದ್ದವನು ಅವಳ ಕೈಯಿಂದ ಪುಸ್ತಕ ಕಿತ್ತುಕೊಂಡ. ಚಾಪೆ ದಾಟಿ ಮೋರಿಯ ಕಡೆಗೆ ಕೈ ಎತ್ತಿದ.

ಪ್ರಿಯದರ್ಶಿನಿ ಮಣೆಯಿಂದ ಎದ್ದು ನೇರ ಬಂದು ಅವನಿಗೂ ಮೋರಿಗೂ ನಡುವೆ ನಿಂತಳು.

"ಎಸಿ" ಅಂದಳು. "ಎಸಿ, ನೋಡೋಣ. ನಿಂಗೆ ಬರೋದು ಅದೊಂದೇ. ನನ್ನ ಸರ್ಟಿಫಿಕೇಟ್ ಎಸ್ದೆ, ಇದನ್ನೂ ಎಸಿ. ಅವತ್ತು ಮೊದ್ಲು ನಿಂಗೇ ತೋರ್ಸ್ಬೇಕು ಅಂತ ಓಡ್ಕೊಂಡು ಬಂದೆ ನಾನು. ಫ್ರೆಂಡ್ಸ್‌ಗೂ ತೋರ್ಸಿರ್ಲಿಲ್ಲ. ಏನಂತ ಕೇಳಿದ್ಯಾ? ಐದು ತಿಂಗ್ಳಾಯ್ತು, ಒಂದಿನ ಕೇಳಿದ್ಯಾ? ಬೇಲಿ ಬಗ್ಗೆ ಎರಡು ಗಂಟೆ ಮಾತಾಡ್ತೀಯ, ಕತ್ತೆ ಕಿವಿ ಬಗ್ಗೆ ಮಾತಾಡ್ತೀಯ."

ಅವಳು ಇನ್ನೂ ಏನೇನೋ ಅಂದಳು. ಚಂದ್ರಾಮಪ್ಪ ಎತ್ತಿದ ಕೈ ಎತ್ತಿದ ಹಾಗೇ ನಿಂತಿದ್ದ. ಬೈಗುಳ ಒಂದೊಂದೂ ನೆಟ್ಟಗೆ ಅವನ ಮುಖಕ್ಕೇ ಬಂದು ಬೀಳುತ್ತಿತ್ತು, ನಡುವೆ ಅವ್ವನಿಲ್ಲ, ಪುಸ್ತಕವಿಲ್ಲ, ಮಣೆಯಿಲ್ಲ. ನಾಚಿಕೆಯಾಗುತ್ತಿತ್ತು, ಆದರೂ ಬೈಯಲಿ, ಇನ್ನೂ ಬೈಯಲಿ, ನಿಲ್ಲಿಸದಿದ್ದರೆ ಸಾಕು ಅನ್ನಿಸುತ್ತಿತ್ತು.

ಅವಳು ಉಸಿರು ತೆಗೆದುಕೊಳ್ಳಲು ನಿಂತಳು. ಆಮೇಲೆ ಹೋಗಿ ಅವನ ಮಣೆಯ ಮೇಲೆ ಕೂತಳು. ತನ್ನ ಮಣೆ ತೋರಿಸಿ, "ಕೂತ್ಕೊ ಅಲ್ಲಿ. ನೀನು ಓದು, ಅರ್ಥ ನಾನು ಹೇಳ್ತೀನಿ. ನೀನು ಅರ್ಥ ಹೇಳಿದ್ರೆ ಸತ್ತಿರೋ ಕತ್ತೆನೂ ಎದ್ದು ಓಡುತ್ತೆ" ಅಂದಳು.

ಗೋಡೆಗೊರಗಿದ್ದ ಹುಡುಗರಲ್ಲಿ ಒಬ್ಬನಿಗೆ ನಗು ಬಂತು. ಚಂದ್ರಾಮಪ್ಪ ಆ ಕಡೆ ನೋಡಲೂ ಇಲ್ಲ. ಬಂದು ಕೂತ. ಮೂವತ್ತು ವರ್ಷವಾಗಿತ್ತು ಪುಸ್ತಕ ಹಿಡಿದು. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದ. ಇಪ್ಪತ್ತು ಆಳುಗಳ ಮೇಸ್ತ್ರಿ, ಆಳುಗಳ ಎದುರಿಗೇ, ಒಂದನೇ ಕ್ಲಾಸಿನವನ ಹಾಗೆ. ನೀಲಿ ಸತ್ತಿತು ಅನ್ನುವ ಸಾಲು ದಾಟಲು ಅವನಿಗೆ ಎಷ್ಟು ಹೊತ್ತು ಬೇಕಾಯಿತೆಂದರೆ, ಮುಗಿಯುವಷ್ಟರಲ್ಲಿ ಅಯ್ಯಮ್ಮಜ್ಜಿ ಬಿಕ್ಕುತ್ತಿದ್ದಳು, ನಜೀರ್ ಟೋಪಿ ತೆಗೆದು ಮುಖ ಒರೆಸಿಕೊಳ್ಳುತ್ತಿದ್ದ. ಉಳಿದದ್ದು ಒಂದೇ ಪ್ಯಾರಾ. ಸುದ್ದಿ ಕೇಳಿ ಮಾದೇಶನ ಅಪ್ಪ ಗುದ್ದಲಿ ತರುತ್ತಾನೆ. ಮಗನ ಮುಖ ನೋಡದೆ, ಹೊಳೆಯ ದಂಡೆಯಲ್ಲಿ ಒಬ್ಬನೇ ಸಂಜೆಯವರೆಗೆ ಗುಂಡಿ ತೋಡುತ್ತಾನೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ಎಲ್ಲರೂ ಪ್ರಿಯದರ್ಶಿನಿಯ ಕಡೆ ನೋಡಿದರು. ಅರ್ಥ ಹೇಳಬೇಕಾದವಳು ಅವಳು.

"ಅವನಪ್ಪಂಗೆ ಬಾಯಲ್ಲಿ ಹೇಳಕ್ಕೆ ಆಗ್ಲಿಲ್ಲ. ಅದಕ್ಕೆ ಗುಂಡಿ ತೋಡ್ದ" ಅಂದಳು. ಆಮೇಲೆ ಅಪ್ಪನ ಕಡೆ ತಿರುಗಿ, "ಹೇಳ್ಬೇಕಿತ್ತು. ಗುಂಡಿ ತೋಡಿದ್ರೆ ಮಾದೇಶಂಗೆ ಏನ್ ಗೊತ್ತಾಗುತ್ತೆ?"

ಚಂದ್ರಾಮಪ್ಪ ಪುಸ್ತಕದಿಂದ ಬೆರಳು ತೆಗೆಯಲಿಲ್ಲ. ಅಷ್ಟು ಮಂದಿಯ ನಡುವೆ, ಓದಿದಷ್ಟೇ ನಿಧಾನವಾಗಿ ಹೇಳಿದ.

"ತಪ್ಪಾತವ್ವ. ಅವತ್ತ ಕೇಳಬೇಕಿತ್ತು ನಾ. ಏನಂತ ಬರದಿದ್ರು ಅದರಾಗ?"

ಅವಳು ಮೂಗು ಒರೆಸಿಕೊಂಡಳು. "ಪ್ರಿಯದರ್ಶಿನಿ ಚಂದ್ರಾಮಪ್ಪ, ಗಟ್ಟಿ ಓದಿನಲ್ಲಿ ಪ್ರಥಮ ಅಂತ ಬರ್ದಿದ್ರು" ಅಂದಳು. "ನಿನ್ನ ಹೆಸರೂ ಇತ್ತು."

ಈಗ ಏಳುವುದು ಹೇಗೆ ಅಂತ ಪ್ರಶ್ನೆ ಬಂತು. ಸಾವಿನ ಜಾಗಕ್ಕೆ ಪುಸ್ತಕ ಮುಗಿದಿದೆ, ಮುಂದೆ ಹಾಳೆಯಿಲ್ಲ. ಅಯ್ಯಮ್ಮಜ್ಜಿಯೇ ಕಣ್ಣೊರೆಸಿಕೊಂಡು, "ಕುಂತಲ್ಲೇ ಹುಗ್ಗಿ ನೀಡ್ರಿ. ಬಾಯಿ ಸೀ ಆದಮ್ಯಾಲ ಎದ್ರ ದೋಷಿಲ್ಲ" ಅಂತ ತೀರ್ಪು ಕೊಟ್ಟಳು. ಹಾಗೆ ಕೂತಲ್ಲೇ ತಟ್ಟೆ ಬಂದವು, ಕೂತಲ್ಲೇ ಜಗಳವೂ ಹುಟ್ಟಿತು. ಆ ಅಪ್ಪ ಕತ್ತೆ ಮಾರಬಾರದಿತ್ತು ಅಂತ ನಜೀರ್. ಮಾರದೆ ಮನೆಯವರು ಮಣ್ಣು ತಿನ್ನಬೇಕಿತ್ತೇ ಅಂತ ಲಕ್ಷ್ಮಿದೇವಿ. ಹೊಳೆಗೆ ಸೇತುವೆ ಕಟ್ಟಿದ್ದರೆ ಇದೆಲ್ಲ ಆಗುತ್ತಿರಲಿಲ್ಲ ಅಂತ ಸೈಟಿನ ಹುಡುಗರು. ಎಲ್ಲರಿಗಿಂತ ಜೋರಾಗಿ ಕಿತ್ತಾಡುತ್ತಿದ್ದವರು ಅಪ್ಪ ಮಗಳು.

"ಸಾಯಿಸಬಾರದಿತ್ತು ಅಂವ. ನಾ ಒಪ್ಪಂಗಿಲ್ಲ."

"ಸಾಯಿಸ್ದೆ ಇದ್ದಿದ್ರೆ ನೀನು ಇಷ್ಟು ಅಳ್ತಿದ್ಯಾ?"

"ನಾ ಎಲ್ಲಿ ಅತ್ತೀನಿ? ಒಲಿ ಹೊಗಿ ಅದು."

"ನಾಳೆ ಬೆಳಿಗ್ಗೆ ಟೀಚರ್‌ಗೆ ಪುಸ್ತಕ ವಾಪಸ್ ಕೊಡ್ಬೇಕು" ಅಂದಳು ಅವಳು, ತಟ್ಟೆಯಲ್ಲಿದ್ದ ಹುಗ್ಗಿ ಕೆರೆಯುತ್ತಾ. "ನೀನೂ ಬಾ. ಕತೆ ಸರಿ ಇಲ್ಲ ಅಂತ ಅವ್ರಿಗೇ ಹೇಳು. ಆ ಕುಂಕುಮದ್ದೂ ನೀನೇ ಹೇಳ್ಬೇಕು, ನಾನ್ ಹೇಳಲ್ಲ."

ಚಂದ್ರಾಮಪ್ಪನ ತುತ್ತು ಬಾಯಿಯ ಹತ್ತಿರವೇ ನಿಂತಿತು. "ಸ್ಕೂಲಿಗಾ? ನಾನಾ?"

"ಇನ್ಯಾರು, ನಜೀರಣ್ಣನಾ?"

"ನಾಳಿ ಸೈಟಿನ್ಯಾಗ ತಾರಸಿ ಮೋಲ್ಡ್ ಅದ" ಅಂತ ಅವನು ಶುರುಮಾಡಿದ. ನಡುವೆಯೇ ನಿಲ್ಲಿಸಿ, ಗೋಡೆಯ ಹತ್ತಿರ ಕೂತ ತನ್ನ ಹುಡುಗರ ಕಡೆ ತಿರುಗಿದ. "ಏ, ನಾಳಿ ನಾ ಹನ್ನೊಂದಕ್ಕ ಬರ್ತೀನಿ. ಕಾಂಕ್ರೀಟ್ ಗಾಡಿ ಬಂದ್ರ ನಿಲ್ಲಸ್ರಿ. ಯಾಕಂತ ಇಂಜಿನಿಯರ್ ಕೇಳಿದ್ರ, ಮೇಸ್ತ್ರಿನ ಮಗಳು ಸ್ಕೂಲಿಗಿ ಕರದಾಳಂತ ಹೇಳ್ರಿ."